ಕಿವಿ ಮುಚ್ಚಿಕೊಳ್ಳುವ ಮಗು, ಕುರ್ಚಿಯಿಂದ ಜಾರುವ ಮಗು: ಸಂವೇದನೆ ಮತ್ತು ಚಲನೆಯ ತೊಂದರೆಗೆ ಶಾಲೆಯಲ್ಲಿ ಏನು ಮಾಡಬಹುದು?

"ಒಂದು ಕಡೆ ಕೂರುವುದಿಲ್ಲ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಇವನು ಬೋರ್ಡ್ ನೋಡಿ ಎರಡು ಸಾಲು ಬರೆಯುವಷ್ಟರಲ್ಲಿ ಉಳಿದವರೆಲ್ಲ ಪುಟ ಮುಗಿಸಿರುತ್ತಾರೆ." ಶಾಲೆಯಿಂದ ಇಂಥ ದೂರು ಬಂದಾಗ ನಮಗೆ ತಟ್ಟನೆ ಹೊಳೆಯುವ ಕಾರಣ ಎರಡೇ: ಹಟ, ಇಲ್ಲವೇ ಸೋಮಾರಿತನ. ಸ್ವಲ್ಪ ದಿನ ಗದರಿಸಿ ನೋಡಿದ್ದೂ ಆಗುತ್ತದೆ. ಆಮೇಲೆ ಡಾಕ್ಟರೋ ಟೀಚರೋ ಹೇಳುತ್ತಾರೆ: "ಸೆನ್ಸರಿ ತೊಂದರೆ ಇರಬಹುದು, ಮೋಟಾರ್ ಸ್ಕಿಲ್ಸ್ ಕೂಡ ಸ್ವಲ್ಪ ಹಿಂದಿದೆ, ಒಮ್ಮೆ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ." ಒಂದೇ ಉಸಿರಿನಲ್ಲಿ ಮೂರು ಹೊಸ ಮಾತು. ಸೆನ್ಸರಿ ಅಂದರೆ ಇಂದ್ರಿಯಗಳ ಸಂವೇದನೆ, ಮೋಟಾರ್ ಸ್ಕಿಲ್ಸ್ ಅಂದರೆ ಚಲನೆಯ ಕೌಶಲ, ಆಕ್ಯುಪೇಷನಲ್ ಥೆರಪಿಸ್ಟ್ ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು. ಈ ತೊಂದರೆಗಳು ಹೇಗಿರುತ್ತವೆ, ತರಗತಿಯಲ್ಲಿ ಏನು ಬದಲಾಯಿಸಿದರೆ ಮಗುವಿಗೆ ಸಲೀಸಾಗುತ್ತದೆ, ಯಾವ ಉಪಾಯಕ್ಕೆ ಆಧಾರ ಇದೆ, ಯಾವುದಕ್ಕೆ ಇಲ್ಲ ಎಂದು ನೋಡೋಣ.

ಐದರಾಚೆಗೆ ಇನ್ನೂ ಮೂರು

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಈ ಐದರ ಪಾಠ ಎಲ್ಲರಿಗೂ ಆಗಿದೆ. ಇವುಗಳ ಜೊತೆಗೆ ದೇಹದ ಒಳಗಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಇನ್ನೂ ಮೂರು ವ್ಯವಸ್ಥೆಗಳಿವೆ. ಶಾಲೆಯಲ್ಲಿ ಈ ಮೂರರಿಂದಲೂ ಗಲಾಟೆ ಆಗಬಹುದು.

ಒಂದು, ಸಮತೋಲನದ ಅರಿವು. ಇದಕ್ಕೆ ವೆಸ್ಟಿಬ್ಯುಲರ್ ವ್ಯವಸ್ಥೆ ಎನ್ನುತ್ತಾರೆ. ಇದು ಇರುವುದು ಒಳಕಿವಿಯಲ್ಲಿ. ಅಲ್ಲಿರುವ ಮೂರು ಅರೆವೃತ್ತದ ನಾಳಗಳು ತಲೆ ಯಾವ ಕಡೆ ತಿರುಗಿತು ಎಂದು ಹೇಳುತ್ತವೆ. ಪಕ್ಕದ ಎರಡು ಪುಟ್ಟ ಚೀಲಗಳು ತಲೆ ವಾಲಿದ್ದನ್ನೂ, ದೇಹ ಮುಂದೆ ಹಿಂದೆ ಮೇಲೆ ಕೆಳಗೆ ಸರಿದದ್ದನ್ನೂ ತಿಳಿಸುತ್ತವೆ. ಉಯ್ಯಾಲೆಗೆ ಕೂರಿಸಿದರೆ ಕಿರುಚುವ ಮಗುವಿಗೆ ಈ ಸುದ್ದಿ ಅತಿಯಾಗಿ ಮುಟ್ಟುತ್ತಿರಬಹುದು. ಗಿರಗಿರ ತಿರುಗಿದರೂ ತಲೆ ಸುತ್ತದ ಮಗುವಿಗೆ ಸಾಕಷ್ಟು ಮುಟ್ಟದೇ ಇರಬಹುದು.

ಎರಡನೆಯದು ಪ್ರೊಪ್ರಿಯೊಸೆಪ್ಷನ್. ಈ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ಬ್ರಿಟಿಷ್ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. ನನ್ನ ಕೈಕಾಲು ಈಗ ಎಲ್ಲಿದೆ, ಎಷ್ಟು ಬಲ ಹಾಕುತ್ತಿದ್ದೇನೆ ಎಂಬ ಅರಿವು ಇದು. ಸ್ನಾಯು ಮತ್ತು ಕೀಲುಗಳಲ್ಲಿರುವ ಸೂಕ್ಷ್ಮ ಗ್ರಾಹಕಗಳು ಈ ಮಾಹಿತಿ ಕಳಿಸುತ್ತವೆ. ಕಣ್ಣು ಮುಚ್ಚಿಕೊಂಡೂ ನೀವು ಬೆರಳನ್ನು ಮೂಗಿನ ತುದಿಗೆ ತರಬಲ್ಲಿರಿ, ಅಲ್ವಾ? ಅದು ಇದರ ಕೆಲಸ. ಇದು ಮಂದವಾಗಿದ್ದರೆ ಪೆನ್ಸಿಲ್ ಮೊನೆ ಪದೇ ಪದೇ ಮುರಿಯುತ್ತದೆ. ಗೆಳೆಯನನ್ನು ಮುಟ್ಟಲು ಹೋಗಿ ತಳ್ಳಿದಂತಾಗುತ್ತದೆ. ಸಾಲಿನಲ್ಲಿ ನಿಂತರೆ ಮುಂದಿನವರಿಗೆ ಡಿಕ್ಕಿ. ದೂರು ಮಾತ್ರ "ಹೊಡೆಯುತ್ತಾನೆ" ಎಂದೇ ಬರುತ್ತದೆ.

ಮೂರನೆಯದು ಇಂಟರೊಸೆಪ್ಷನ್, ಅಂದರೆ ಹಸಿವು, ಬಾಯಾರಿಕೆ, ಮೂತ್ರ ಬಂದಿದ್ದು, ಸೆಕೆ, ಎದೆ ಬಡಿತ ಇಂಥವುಗಳ ಅರಿವು. ಕೊನೇ ಕ್ಷಣದವರೆಗೂ ಮೂತ್ರ ಬಂದದ್ದೇ ಗೊತ್ತಾಗದೆ ಬಟ್ಟೆ ಒದ್ದೆ ಮಾಡಿಕೊಳ್ಳುವ ಮಗುವಿಗೆ ಬೈಗುಳದಿಂದ ಏನೂ ಸಿಗುವುದಿಲ್ಲ. ದಿನಾ ನಿಗದಿ ಮಾಡಿದ ಹೊತ್ತಿಗೆ "ಹೋಗಿ ಬಾ" ಎಂದು ಯಾರಾದರೂ ನೆನಪಿಸಿದರೆ ಸಾಕಾಗುತ್ತದೆ.

ಒಂದೇ ಸದ್ದು, ಬೇರೆ ಬೇರೆ ಪರಿಣಾಮ

ಇಂದ್ರಿಯಗಳಿಂದ ಬರುವ ಮಾಹಿತಿಯನ್ನು ಮಿದುಳು ಹೇಗೆ ಜೋಡಿಸಿಕೊಳ್ಳುತ್ತದೆ, ಅದು ಸರಿಯಾಗದಿದ್ದರೆ ಕಲಿಕೆಗೆ ಏನಾಗುತ್ತದೆ ಎಂದು ಮೊದಲು ವ್ಯವಸ್ಥಿತವಾಗಿ ಯೋಚಿಸಿದವರು ಎ. ಜೀನ್ ಏರ್ಸ್. ಅಮೆರಿಕದ ಈ ಆಕ್ಯುಪೇಷನಲ್ ಥೆರಪಿಸ್ಟ್ 1960 ಮತ್ತು 70ರ ದಶಕಗಳಲ್ಲಿ 'ಸೆನ್ಸರಿ ಇಂಟಿಗ್ರೇಷನ್' ಎಂಬ ಸಿದ್ಧಾಂತ ಕಟ್ಟಿದರು. ಮುಂದೆ 1997ರಲ್ಲಿ ವಿನ್ನಿ ಡನ್ ಎಂಬ ಇನ್ನೊಬ್ಬ ಥೆರಪಿಸ್ಟ್ ಕೊಟ್ಟ ಚೌಕಟ್ಟು ಶಿಕ್ಷಕರಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಅವರು ಎರಡೇ ಪ್ರಶ್ನೆ ಕೇಳಿದರು. ಈ ಮಗುವಿನ ಮಿದುಳು ಎಚ್ಚೆತ್ತುಕೊಳ್ಳಲು ಎಷ್ಟು ಸಂವೇದನೆ ಬೇಕು? ಹೆಚ್ಚು ಕಡಿಮೆ ಆದಾಗ ಮಗು ತಾನಾಗಿ ಏನಾದರೂ ಮಾಡುತ್ತದೋ, ಸುಮ್ಮನೆ ಇದ್ದುಬಿಡುತ್ತದೋ?

ಇದರಿಂದ ನಾಲ್ಕು ಬಗೆ ಸಿಗುತ್ತವೆ. ಜಾಸ್ತಿ ಬೇಕಾಗಿದ್ದು, ತಾನೇ ಹುಡುಕಿಕೊಂಡು ಹೋಗುವ ಮಗು ಓಡುತ್ತದೆ, ಹಾರುತ್ತದೆ, ಅಂಗಿಯ ಕಾಲರ್ ಅಗಿಯುತ್ತದೆ. ಜಾಸ್ತಿ ಬೇಕಾಗಿದ್ದರೂ ಹುಡುಕದ ಮಗು ಮಂಕಾಗಿ ಕೂತಿರುತ್ತದೆ, ಹೆಸರು ಕರೆದರೂ ತಿರುಗುವುದಿಲ್ಲ. ಸ್ವಲ್ಪಕ್ಕೇ ತುಂಬಿಹೋಗಿ ಅಲ್ಲಿಂದ ಪಾರಾಗಲು ನೋಡುವ ಮಗು ಮೇಜಿನ ಕೆಳಗೆ ಸೇರಿಕೊಳ್ಳುತ್ತದೆ, ಶಾಲೆಗೇ ಬರುವುದಿಲ್ಲ ಎನ್ನುತ್ತದೆ. ಸ್ವಲ್ಪಕ್ಕೇ ತುಂಬಿದರೂ ಸಹಿಸಿಕೊಂಡು ಕೂರುವ ಮಗು ಸದಾ ಕಿರಿಕಿರಿಯಲ್ಲಿರುತ್ತದೆ, ಅಂಗಿಯ ಲೇಬಲ್ ಚುಚ್ಚುತ್ತದೆ ಎಂದು ಗೊಣಗುತ್ತದೆ. ಮಂಕಾಗಿ ಕೂರುವ ಎರಡನೇ ಬಗೆಯ ಮಗು ಯಾರಿಗೂ ತೊಂದರೆ ಕೊಡುವುದಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಹೆಚ್ಚು ಚಿಂತೆ ಅನ್ನಿಸುವುದು ಆ ಮಗುವಿನ ಬಗ್ಗೆಯೇ.

ಒಂದು ಮಗು ಒಂದೇ ಬಗೆಯಲ್ಲಿ ಇರಬೇಕೆಂದೇನಿಲ್ಲ. ಸದ್ದಿಗೆ ನಡುಗುವ ಮಗು ಚಲನೆಗಾಗಿ ಹಾತೊರೆಯಬಹುದು. ನಿದ್ದೆ ಕೆಟ್ಟ ದಿನ, ಜ್ವರ ಬಂದು ಹೋದ ವಾರ, ಪರೀಕ್ಷೆಯ ಸಮಯದಲ್ಲಿ ಎಲ್ಲವೂ ಇನ್ನಷ್ಟು ಬಿಗಡಾಯಿಸುತ್ತದೆ. "ನಿನ್ನೆ ಸರಿಯಾಗಿದ್ದ, ಇವತ್ತು ಬೇಕಂತಲೇ ಮಾಡ್ತಿದಾನೆ" ಎಂಬ ಅನುಮಾನ ಹುಟ್ಟುವುದು ಹೀಗೆ.

ಇದು ಕಾಯಿಲೆಯ ಹೆಸರೇ?

'ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್' (ಸಂವೇದನೆಯನ್ನು ಮಿದುಳು ಜೋಡಿಸಿಕೊಳ್ಳುವುದರಲ್ಲಿನ ತೊಂದರೆ) ಎಂಬ ಮಾತು ಇಂಟರ್ನೆಟ್ಟಿನಲ್ಲಿ ಹೇರಳವಾಗಿ ಸಿಗುತ್ತದೆ. ಮನೋವೈದ್ಯರು ಬಳಸುವ, 2013ರಲ್ಲಿ ಹೊರಬಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಅದು ಸ್ವತಂತ್ರ ರೋಗನಿರ್ಣಯವಾಗಿ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ತನ್ನ ಸದಸ್ಯರಿಗೆ ಇದನ್ನು ಒಂಟಿ ಕಾಯಿಲೆಯಾಗಿ ಹೆಸರಿಸಬೇಡಿ, ಅದರ ಹಿಂದೆ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), ಆತಂಕ, ಬೆಳವಣಿಗೆಯ ಇನ್ನಾವುದಾದರೂ ತೊಂದರೆ ಇದೆಯೇ ನೋಡಿ ಎಂದು ಹೇಳಿತ್ತು. ಅದೇ ಡಿಎಸ್‌ಎಂ-5ರಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸಂವೇದನೆಯ ಏರುಪೇರು ಹೊಸದಾಗಿ ಸೇರಿತು.

ಇದರರ್ಥ ಮಗುವಿನ ಕಷ್ಟ ಸುಳ್ಳು ಎಂದಲ್ಲ. ಕಷ್ಟ ನಿಜ. ಅದಕ್ಕೆ ಯಾವ ಹೆಸರು ಅನ್ನುವುದರ ಬಗ್ಗೆ ಮಾತ್ರ ತಜ್ಞರಲ್ಲಿ ಒಮ್ಮತ ಇಲ್ಲ. ತರಗತಿಯಲ್ಲಿ ಸಣ್ಣ ಬದಲಾವಣೆ ಮಾಡಲು ಹೆಸರು ಸಿಗುವವರೆಗೆ ಕಾಯಬೇಕಾಗಿಲ್ಲ.

ಚಲನೆಯ ಕಡೆ ಬಂದರೆ

ಚಲನೆಯ ವಿಷಯದಲ್ಲಿ ಹೆಸರು ಇದೆ: ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ. ಡಿಸ್‌ಪ್ರಾಕ್ಸಿಯಾ ಎಂದು ಕೇಳಿದ್ದರೆ ಹೆಚ್ಚು ಕಡಿಮೆ ಇದೇ. 'ಎಡವಟ್ಟು ಮಗು' ಎಂಬಂಥ ಹಣೆಪಟ್ಟಿಗಳ ಬದಲು ಎಲ್ಲರೂ ಡಿಸಿಡಿ ಎಂಬ ಹೆಸರನ್ನೇ ಬಳಸೋಣ ಎಂದು 1994ರಲ್ಲಿ ಕೆನಡಾದಲ್ಲಿ ಸೇರಿದ ತಜ್ಞರ ಸಭೆ ಒಪ್ಪಿಕೊಂಡಿತು. 5ರಿಂದ 11 ವರ್ಷದ ಮಕ್ಕಳಲ್ಲಿ ಶೇಕಡ 5ರಿಂದ 6ರಷ್ಟು ಮಂದಿಗೆ ಇದು ಇದೆ ಎಂಬುದು ಡಿಎಸ್‌ಎಂ-5ರ ಅಂದಾಜು. 30 ಮಕ್ಕಳ ತರಗತಿ ಅಂದರೆ ಒಬ್ಬರೋ ಇಬ್ಬರೋ. ಹುಡುಗರಲ್ಲಿ ಜಾಸ್ತಿ.

ಈ ಮಕ್ಕಳ ಸ್ನಾಯುವಿಗಾಗಲಿ ಬುದ್ಧಿಗಾಗಲಿ ಪೆಟ್ಟು ಬಿದ್ದಿರುವುದಿಲ್ಲ. ಚಲನೆಯನ್ನು ಯೋಜಿಸುವುದು, ಪದೇ ಪದೇ ಮಾಡಿ ರೂಢಿ ಮಾಡಿಕೊಳ್ಳುವುದು ಕಷ್ಟ. ಗುಂಡಿ ಹಾಕುವುದು, ಶೂ ಲೇಸ್, ಕತ್ತರಿ, ಚೆಂಡು ಹಿಡಿಯುವುದು, ಬರೆಯುವುದು ಎಲ್ಲ ತಡ. ಹೊಸದಾಗಿ ಸೈಕಲ್ ಕಲಿಯುವವರನ್ನು ನೆನಪಿಸಿಕೊಳ್ಳಿ. ಪೂರ್ತಿ ಗಮನ ಬೀಳದಿರುವುದರ ಮೇಲೆ. ಆಗ ಯಾರಾದರೂ ಹದಿನೇಳರ ಮಗ್ಗಿ ಕೇಳಿದರೆ ಮಗ್ಗಿಯೂ ತಪ್ಪುತ್ತದೆ, ಸೈಕಲ್ಲೂ ವಾಲುತ್ತದೆ. ರೂಢಿ ಆದಮೇಲೆ ಹರಟೆ ಹೊಡೆಯುತ್ತಲೇ ಓಡಿಸುತ್ತೇವೆ. ಡಿಸಿಡಿ ಇರುವ ಮಗು ಬರವಣಿಗೆಯಲ್ಲಿ ವರ್ಷಗಟ್ಟಲೆ ಆ ಮೊದಲ ಹಂತದಲ್ಲೇ ಉಳಿದಿರುತ್ತದೆ. ಅಕ್ಷರದ ಆಕಾರಕ್ಕೇ ಗಮನ ಖರ್ಚಾಗಿಹೋದರೆ ಕಾಗುಣಿತಕ್ಕೆ, ಅರ್ಥಕ್ಕೆ, ಟೀಚರ್ ಹೇಳುತ್ತಿರುವ ಮುಂದಿನ ಮಾತಿಗೆ ಉಳಿಯುವುದೇನು? ಬಾಯಿಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು ಪರೀಕ್ಷೆಯಲ್ಲಿ ಎರಡು ಸಾಲು ಬರೆದು ಬರುವುದು ಇದಕ್ಕೇ.

ಇದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಲು ಒಂದು ಅಂಕಿ ಸಾಕು. ಅಮೆರಿಕದ ಪ್ರಾಥಮಿಕ ತರಗತಿಗಳನ್ನು ಗಮನಿಸಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮಕ್ಕಳು ಶಾಲೆಯ ಹೊತ್ತಿನ ಶೇಕಡ 31ರಿಂದ 60ರಷ್ಟನ್ನು ಕೈಬೆರಳಿನ ಕೆಲಸಗಳಲ್ಲೇ ಕಳೆಯುತ್ತಿದ್ದರು. ಅದರಲ್ಲಿ ಸಿಂಹಪಾಲು ಬರವಣಿಗೆ.

ಮೊದಲು ಕುರ್ಚಿ

ಮಗು ಜಾರುತ್ತದೆ, ಕಾಲು ಮಡಿಸಿ ಕೂರುತ್ತದೆ, ತಲೆಯನ್ನು ಕೈಗೆ ಆನಿಸುತ್ತದೆ ಅಂದರೆ ಮೊದಲು ಮೇಜಿನ ಕೆಳಗೆ ಬಗ್ಗಿ ನೋಡಿ. ಪಾದ ನೆಲ ಮುಟ್ಟುತ್ತಿದೆಯೇ? ಕಾಲು ತೂಗಾಡುತ್ತಿದ್ದರೆ ಸೊಂಟಕ್ಕೆ ಆಸರೆ ಇಲ್ಲ, ಬೆನ್ನಿಗೆ ಆಸರೆ ಇಲ್ಲ. ಭುಜ ಅಲುಗಾಡುತ್ತಿದ್ದರೆ ಬೆರಳು ಸ್ಥಿರವಾಗಿ ಓಡುವುದು ಹೇಗೆ? ಪಾದ ಪೂರ್ತಿ ಊರಬೇಕು, ಮಂಡಿ ಮತ್ತು ಸೊಂಟ ಹತ್ತಿರ ಹತ್ತಿರ ನೇರ ಕೋನದಲ್ಲಿರಬೇಕು, ಮೇಜು ಮೊಣಕೈ ಮಟ್ಟದಲ್ಲಿ ಅಥವಾ ಕೊಂಚ ಮೇಲಿರಬೇಕು. ಎತ್ತರದ ಕುರ್ಚಿಯಾದರೆ ಕಾಲಡಿ ಒಂದು ಗಟ್ಟಿ ಪೆಟ್ಟಿಗೆಯೋ ಮಣೆಯೋ ಇಟ್ಟರೂ ಆಯಿತು. ದುಬಾರಿ ಉಪಕರಣಗಳ ಪಟ್ಟಿ ನೋಡುವ ಮುಂಚೆ ಇದನ್ನು ಮಾಡಿ.

ಜಾಗವೂ ಮುಖ್ಯ. ಬಾಗಿಲ ಪಕ್ಕ, ಓಡಾಟದ ದಾರಿಯಲ್ಲಿ ಕೂತರೆ ಹೋಗುವವರು ಬರುವವರೆಲ್ಲ ತಾಗುತ್ತಾರೆ. ಹಗುರವಾಗಿ, ಹೇಳದೆ ಕೇಳದೆ ತಾಗುವ ಸ್ಪರ್ಶ ಕೆಲವು ಮಕ್ಕಳಿಗೆ ಬಿಗಿಯಾಗಿ ಹಿಡಿದದ್ದಕ್ಕಿಂತ ಹೆಚ್ಚು ಹಿಂಸೆ. ಗೋಡೆ ಬದಿಯ ಜಾಗ, ಸಾಲಿನ ತುದಿ ಅಂಥವರಿಗೆ ಹಿತ.

ಸದ್ದು, ಬೆಳಕು

ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಹೋದಂತೆ ಅದು ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇಳಿಯುವುದಿಲ್ಲ. ಗದ್ದಲದ ನಡುವೆ ಬೇಕಾದ ಮಾತನ್ನು ಹೆಕ್ಕಿಕೊಳ್ಳುವುದು ದೊಡ್ಡವರಿಗಿಂತ ಮಕ್ಕಳಿಗೆ ಕಷ್ಟ. ಸದ್ದಿಗೆ ಸೂಕ್ಷ್ಮವಾದ ಮಗುವಿಗಂತೂ ಇನ್ನೂ ಕಷ್ಟ.

ಕುರ್ಚಿಯ ಕಾಲಿಗೆ ರಬ್ಬರ್ ಬುಡ, ಬರಿಗೋಡೆಗೆ ಬಟ್ಟೆಯ ಬೋರ್ಡ್, ಮುಚ್ಚಿದ ಬಾಗಿಲು. ಇಷ್ಟರಿಂದ ಇಡೀ ತರಗತಿಗೆ ಲಾಭ. ಗಂಟೆ, ಅಸೆಂಬ್ಲಿ, ಕೈ ಒಣಗಿಸುವ ಯಂತ್ರ ಇವು ಮಗುವಿಗೆ ಭಯ ತರುವುದು ದಿಢೀರ್ ಎಂದು ಬರುವುದರಿಂದ. "ಇನ್ನು ಎರಡು ನಿಮಿಷಕ್ಕೆ ಗಂಟೆ ಹೊಡೆಯುತ್ತೆ" ಎಂದು ಮೊದಲೇ ಹೇಳಿದರೆ ಅರ್ಧ ಕೆಲಸ ಆದಂತೆ. ಕಿವಿಗೆ ಹಾಕುವ ಇಯರ್ ಡಿಫೆಂಡರ್ ಒಳ್ಳೆಯದೇ, ಆದರೆ ಗದ್ದಲದ ಹೊತ್ತಿಗೆ ಮಾತ್ರ. ದಿನವಿಡೀ ಹಾಕಿಕೊಂಡರೆ ಪಾಠವೂ ಕೇಳಿಸುವುದಿಲ್ಲ, ಮಾಮೂಲಿ ಸದ್ದೂ ಬರಬರುತ್ತಾ ಜೋರೆನ್ನಿಸಬಹುದು.

ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತದೆ. ಬಹಳ ಜನಕ್ಕೆ ಅದು ಕಾಣುವುದಿಲ್ಲ. ಆದರೂ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಕಿಟಕಿ ಬೆಳಕಿನ ಹತ್ತಿರ ಕೂರಿಸಿ ನೋಡಬಹುದು. ಬೋರ್ಡಿನ ಸುತ್ತಲಿನ ಗೋಡೆಗೆ ಚಾರ್ಟು, ತೋರಣ ಹಾಕದೆ ಖಾಲಿ ಬಿಟ್ಟರೆ ಕಣ್ಣು ಅಲೆಯುವುದು ಕಡಿಮೆಯಾಗುತ್ತದೆ.

ಬರವಣಿಗೆ: ಏನು ಕಲಿಸುವುದು, ಏನು ಬಿಡುವುದು

ಇಲ್ಲಿ ಜಗಳ ಜಾಸ್ತಿ. ಪೆನ್ಸಿಲ್ ಹಿಡಿಯುವ ಭಂಗಿಯಿಂದಲೇ ಶುರು. ಮೂರು ಬೆರಳಲ್ಲಿ ಹಿಡಿಯಬೇಕು ಎಂದು ನಾವು ಹಟ ಹಿಡಿಯುತ್ತೇವೆ. ಶಾಲಾ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕು ಪ್ರೌಢ ಹಿಡಿತಗಳನ್ನು ಹೋಲಿಸಿ ನೋಡಿದ ಕೆನಡಾದ ಸಂಶೋಧಕರಿಗೆ ಅಂದದಲ್ಲೂ ವೇಗದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಕೈ ನೋಯದಿದ್ದರೆ, ಓದಲು ಬರುವಂತಿದ್ದರೆ ಹಿಡಿತವನ್ನು ಸುಮ್ನೆ ಬಿಟ್ಟುಬಿಡಿ. ನೋಯುತ್ತಿದ್ದರೆ ದಪ್ಪ ಪೆನ್ಸಿಲ್, ರಬ್ಬರ್ ಗ್ರಿಪ್, ಓರೆಯಾದ ಬರೆಯುವ ಹಲಗೆ ಪ್ರಯತ್ನಿಸಬಹುದು. ತೀರಾ ಒತ್ತಿ ಬರೆಯುವ ಮಗುವಿಗೆ ಮೆತ್ತನೆಯ ಮೊನೆಯ ಪೆನ್ಸಿಲ್ ಅಥವಾ ಜಾರಿ ಓಡುವ ಜೆಲ್ ಪೆನ್ ಸಹಾಯಕ್ಕೆ ಬರುತ್ತದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಈ ಪಾಠ ಬರೆಯುವುದನ್ನು ಕಲಿಸುವುದಕ್ಕೋ, ವಿಷಯ ಕಲಿಸುವುದಕ್ಕೋ? ವಿಜ್ಞಾನದ ತರಗತಿಯಲ್ಲಿ ಬೋರ್ಡಿನ ಮೇಲಿದ್ದ ಪುಟವನ್ನು ನಕಲು ಮಾಡುವುದರಿಂದ ಮಗು ವಿಜ್ಞಾನ ಕಲಿಯುವುದಿಲ್ಲ. ಅಚ್ಚಾದ ಟಿಪ್ಪಣಿ ಕೊಟ್ಟು ಮುಖ್ಯ ಪದಗಳನ್ನು ಮಾತ್ರ ತುಂಬಿಸಲು ಹೇಳಬಹುದು. ಉತ್ತರವನ್ನು ಬಾಯಲ್ಲಿ ಹೇಳಿಸಬಹುದು. ಹತ್ತು ಲೆಕ್ಕದ ಬದಲು ಐದು ಕೊಡಬಹುದು. ಐದು ಮಾಡಿದವನಿಗೆ ಗೊತ್ತಿದೆಯೋ ಇಲ್ಲವೋ ಟೀಚರಿಗೆ ತಿಳಿಯುತ್ತದೆ. ದೊಡ್ಡ ತರಗತಿಗೆ ಬಂದಮೇಲೆ ಟೈಪಿಂಗ್ ಒಳ್ಳೆಯ ದಾರಿ, ಆದರೆ ಅದೂ ಕಲಿಯಬೇಕಾದ ಕೌಶಲವೇ. ಲ್ಯಾಪ್‌ಟಾಪ್ ಕೈಗೆ ಕೊಟ್ಟ ಮಾತ್ರಕ್ಕೆ ವೇಗ ಬರುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವಾಗಲೂ ಒಂದು ಮಾತು: ಕೈ ಸೋತ ಮಗುವಿಗೆ ಸಮಯದ ಜೊತೆ ನಡುವೆ ವಿರಾಮವೂ ಬೇಕು.

ಇದೆಲ್ಲ ಬೇರೆ ಮಕ್ಕಳಿಗೆ ಅನ್ಯಾಯ ಅಲ್ವಾ ಎಂದು ಕೇಳುವವರಿದ್ದಾರೆ. ಕನ್ನಡಕ ಹಾಕಿಕೊಂಡ ಮಗುವಿನ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ.

ಓಡಾಡಲು ಬಿಡಿ, ಅದೂ ಮುಂಚಿತವಾಗಿ

ಚಲನೆ ಬೇಕಾದ ಮಗುವಿಗೆ ಅದು ಸಿಕ್ಕೇ ಸಿಗುತ್ತದೆ: ನಾವು ಕೊಟ್ಟ ರೀತಿಯಲ್ಲಿ, ಇಲ್ಲವೇ ತಾನೇ ಕಂಡುಕೊಂಡ ರೀತಿಯಲ್ಲಿ. ಪುಸ್ತಕದ ಕಟ್ಟು ಹೊತ್ತು ತರುವುದು, ಬೋರ್ಡ್ ಒರೆಸುವುದು, ಕುರ್ಚಿ ಜೋಡಿಸುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು ಇವುಗಳಲ್ಲಿ ಸ್ನಾಯು ಕೀಲುಗಳಿಗೆ ಕೆಲಸ ಸಿಗುತ್ತದೆ. ಥೆರಪಿಸ್ಟ್‌ಗಳು ಇದಕ್ಕೆ 'ಹೆವಿ ವರ್ಕ್' ಎನ್ನುತ್ತಾರೆ. ಬಹಳಷ್ಟು ಮಕ್ಕಳು ಇದರ ನಂತರ ಸಮಾಧಾನವಾಗಿ ಕೂರುತ್ತಾರೆ. ಇಂಥ ವಿರಾಮ ದಿನಚರಿಯಲ್ಲೇ ಇರಬೇಕು. ಮಗು ಎದ್ದು ಓಡಿದ ಮೇಲೆ ಕೊಟ್ಟರೆ "ಓಡಿದರೆ ವಿರಾಮ ಸಿಗುತ್ತದೆ" ಎಂಬ ಪಾಠ ಕಲಿಸಿದಂತಾಗುತ್ತದೆ.

ಕೂತಿಲ್ಲ ಎಂದು ಆಟದ ಬಿಡುವು ಕಿತ್ತುಕೊಳ್ಳುವುದು ಎಲ್ಲಕ್ಕಿಂತ ತಿರುವುಮುರುವಾದ ಶಿಕ್ಷೆ. ಬಿಡುವನ್ನು ಶಿಕ್ಷೆಯಾಗಿ ಕಸಿಯಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಟದ ಪೀರಿಯಡ್ಡಿನಲ್ಲಿ ಇನ್ನೊಂದು ಸಂಗತಿ. ಮಕ್ಕಳೇ ತಂಡ ಆರಿಸಿಕೊಳ್ಳುವ ಪದ್ಧತಿಯಲ್ಲಿ ಈ ಮಗು ಯಾವಾಗಲೂ ಕೊನೆಗೆ ಉಳಿಯುತ್ತದೆ. ತಂಡವನ್ನು ಟೀಚರೇ ಮಾಡಿದರೆ ಆ ಅವಮಾನ ತಪ್ಪುತ್ತದೆ. ಈಜು, ನಡಿಗೆ, ಓಟದಂಥವು ಚೆಂಡಿನ ಆಟಗಳಿಗಿಂತ ಸಲೀಸು, ಯಾಕೆಂದರೆ ಅಲ್ಲಿ ಎದುರಿನಿಂದ ಏನೂ ಹಾರಿ ಬರುವುದಿಲ್ಲ.

ಹಟವೋ, ತುಂಬಿಹೋಗಿದ್ದೋ?

ಹಟ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ. ಆಗಾಗ ಯಾರಾದರೂ ನೋಡುತ್ತಿದ್ದಾರಾ ಎಂದು ನೋಡುತ್ತದೆ, ಬೇಕಾದದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಬೇರೆ. ಸಹಿಸುವ ಮಿತಿ ದಾಟಿದ ಮಗುವಿಗೆ ತನ್ನ ಮೇಲೆ ಹಿಡಿತ ಇರುವುದಿಲ್ಲ, ಏನು ಕೊಟ್ಟರೂ ತಕ್ಷಣ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿಮಾತು, ಪ್ರಶ್ನೆ, "ಕಣ್ಣಲ್ಲಿ ಕಣ್ಣಿಟ್ಟು ನೋಡು" ಎಂಬ ಒತ್ತಾಯ ಎಲ್ಲವೂ ಹೊರೆಯನ್ನು ಹೆಚ್ಚಿಸುತ್ತವೆ. ಮಾತು ಕಡಿಮೆ ಮಾಡಿ. ಸುತ್ತಲಿನ ಮಕ್ಕಳನ್ನು ದೂರ ಕಳಿಸಿ. ಪೆಟ್ಟಾಗದಂತೆ ನೋಡಿಕೊಂಡು ಕಾಯಿರಿ. ಮಾತುಕತೆ ಏನಿದ್ದರೂ ಪೂರ್ತಿ ತಣ್ಣಗಾದ ಮೇಲೆ.

ತರಗತಿಯಲ್ಲಿ ಒಂದು ಶಾಂತ ಮೂಲೆ ಇರುವುದು ಒಳ್ಳೆಯದು. ಮಗು ತಾನಾಗಿ ಹೋಗಿ, ತಾನಾಗಿ ಮರಳಲು ಆಗುವಂತಿರಬೇಕು. ಶಿಕ್ಷೆಗೆ ಕೂರಿಸುವ ಜಾಗವೂ ಅದೇ ಆದರೆ ಮಗು ಅಲ್ಲಿಗೆ ಯಾವತ್ತೂ ತಾನಾಗಿ ಹೋಗುವುದಿಲ್ಲ.

ಯಾವ ಚಿಕಿತ್ಸೆಗೆ ಎಷ್ಟು ಆಧಾರ?

ಚಲನೆಯ ತೊಂದರೆಗೆ ಗಟ್ಟಿ ಆಧಾರ ಇರುವುದು ಬೇಕಾದ ಕೆಲಸವನ್ನೇ ನೇರವಾಗಿ ಅಭ್ಯಾಸ ಮಾಡಿಸುವ ವಿಧಾನಗಳಿಗೆ. ಶೂ ಲೇಸ್ ಕಟ್ಟಲು ಬರಬೇಕೆಂದರೆ ಶೂ ಲೇಸನ್ನೇ ಕಟ್ಟಿಸುವುದು. ಕೆನಡಾದ ಹೆಲೀನ್ ಪೊಲಟೈಕೊ ಮತ್ತು ಏಂಜೆಲಾ ಮ್ಯಾಂಡಿಕ್ ರೂಪಿಸಿದ 'ಕೋ-ಆಪ್' ವಿಧಾನ ಇದಕ್ಕೆ ಉದಾಹರಣೆ. ಏನು ಕಲಿಯಬೇಕು ಎಂದು ಮಗುವೇ ಆರಿಸುತ್ತದೆ. ಗುರಿ ಏನು, ಯೋಜನೆ ಏನು, ಮಾಡಿ ನೋಡು, ಆಯಿತೇ ಎಂದು ಪರೀಕ್ಷಿಸು. ಈ ನಾಲ್ಕು ಹೆಜ್ಜೆಯಲ್ಲಿ ಮಗು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಸಂವೇದನೆಯ ಕಡೆ ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ. ಏರ್ಸ್ ಅವರ ವಿಧಾನವನ್ನು ತರಬೇತಾದ ಥೆರಪಿಸ್ಟ್ ಕಟ್ಟುನಿಟ್ಟಾಗಿ ಅನುಸರಿಸಿದಾಗ ಆಟಿಸಂ ಇರುವ ಕೆಲವು ಮಕ್ಕಳಿಗೆ ಲಾಭವಾಗಿದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ತೂಕದ ಜಾಕೆಟ್, ಬ್ರಷ್‌ನಿಂದ ಚರ್ಮ ಉಜ್ಜುವುದು ಇಂಥವಕ್ಕೆ ಆಧಾರ ತೆಳು. ಹಣ ಸುರಿಯುವ ಮೊದಲು ಥೆರಪಿಸ್ಟ್‌ಗೆ ಒಂದು ಪ್ರಶ್ನೆ ಕೇಳಿ: "ಇದರಿಂದ ಶಾಲೆಯಲ್ಲಿ ಯಾವ ಬದಲಾವಣೆ ಕಾಣಬೇಕು, ಎಷ್ಟು ವಾರದಲ್ಲಿ?" ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಶಾಲೆಯ ಜೊತೆ ಮಾತಾಡುವಾಗ

"ಇವನಿಗೆ ಸೆನ್ಸರಿ ತೊಂದರೆ ಇದೆ, ಸ್ವಲ್ಪ ನೋಡಿಕೊಳ್ಳಿ" ಅಂದರೆ ಟೀಚರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಸೆಂಬ್ಲಿಯಲ್ಲಿ ಸ್ಪೀಕರ್ ಹತ್ತಿರ ನಿಲ್ಲಿಸಬೇಡಿ, ಬಾಗಿಲ ಬಳಿ ನಿಲ್ಲಿಸಿ" ಅಂದರೆ ನಾಳೆಯಿಂದಲೇ ಮಾಡಬಹುದು. ಹೀಗೆ ಹೇಳಬೇಕಾದರೆ ಮೊದಲು ಗಮನಿಸಬೇಕು. ರಂಪ ಆದ ಹೊತ್ತು, ಜಾಗ, ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದು, ಆಮೇಲೆ ನಡೆದದ್ದನ್ನು ಎರಡು ವಾರ ಗುರುತು ಹಾಕಿಕೊಂಡರೆ ಬಹಳ ಸಲ ಒಂದು ಜಾಡು ಕಾಣುತ್ತದೆ: ಯಾವಾಗಲೂ ಊಟದ ಬಿಡುವಿನ ನಂತರ, ಯಾವಾಗಲೂ ನಕಲು ಮಾಡುವ ಪೀರಿಯಡ್‌ನಲ್ಲಿ.

ಒಂದೇ ಸಲ ಹತ್ತು ಬದಲಾವಣೆ ಮಾಡಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ಒಂದೆರಡು ಆರಿಸಿ, ಕೆಲವು ವಾರ ನೋಡಿ, ಫಲಿಸದಿದ್ದರೆ ಕೈಬಿಡಿ. ಮಗುವನ್ನೂ ಕೇಳಿ. ಆರು ವರ್ಷದ ಮಗು ಕೂಡ "ಆ ಫ್ಯಾನ್ ಸದ್ದು ತಲೆಯೊಳಗೆ ಬರುತ್ತೆ" ಎಂದು ಹೇಳಬಲ್ಲದು.

ಡಾಕ್ಟರ್ ಹತ್ತಿರ ಯಾವಾಗ?

ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಬೋರ್ಡ್ ಕಾಣದ ಮಗುವೂ ನಿಧಾನವಾಗಿ ಬರೆಯುತ್ತದೆ. ಡಿಸಿಡಿ ನಿರ್ಣಯವನ್ನು ಸಾಮಾನ್ಯವಾಗಿ 5 ವರ್ಷಕ್ಕಿಂತ ಮುಂಚೆ ಮಾಡುವುದಿಲ್ಲ, ಯಾಕೆಂದರೆ ಚಿಕ್ಕ ಮಕ್ಕಳ ಬೆಳವಣಿಗೆಯ ವೇಗ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬಾರದು. ಮೊದಲು ಬರುತ್ತಿದ್ದ ನಡಿಗೆ, ಮಾತು, ಕೈಕೆಲಸ ಮಾಯವಾಗುತ್ತಾ ಹೋಗುವುದು. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈ ಊರಿ ಹತ್ತಿದಂತೆ ಏಳುವುದು. ದೇಹದ ಒಂದೇ ಬದಿ ದುರ್ಬಲವಾಗಿರುವುದು. ಬೀಳುವುದು ಇದ್ದಕ್ಕಿದ್ದಂತೆ ಹೆಚ್ಚಾಗುವುದು. ಇವು ಸ್ನಾಯು ಅಥವಾ ನರಗಳ ಕಾಯಿಲೆಯ ಸೂಚನೆ ಆಗಿರಬಹುದು, ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹೋಗುವಾಗ ಎರಡು ವಾರದ ಆ ಗುರುತುಗಳನ್ನು, ನೋಟ್‌ಬುಕ್ಕಿನ ಒಂದೆರಡು ಪುಟವನ್ನು, ಟೀಚರ್ ಬರೆದುಕೊಟ್ಟ ನಾಲ್ಕು ಸಾಲನ್ನು ತೆಗೆದುಕೊಂಡು ಹೋಗಿ. ಮಗು ಬಟ್ಟೆ ಹಾಕಿಕೊಳ್ಳುವ, ಮೆಟ್ಟಿಲು ಇಳಿಯುವ ಚಿಕ್ಕ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಡಾಕ್ಟರ ಕೋಣೆಯ ಹತ್ತು ನಿಮಿಷದಲ್ಲಿ ಬಹಳಷ್ಟು ಮಕ್ಕಳು ಅಚ್ಚುಕಟ್ಟಾಗಿ ಕೂತುಬಿಡುತ್ತಾರೆ.